ಲ್ಯಾಪ್‌ಟಾಪಿನಲ್ಲಿ ಸರಿ, ಕ್ಲೌಡ್‌ನಲ್ಲಿ ತಪ್ಪು: ಚಿತ್ರ ಗುರುತಿಸುವ ಮಾಡೆಲ್‌ನ ದೋಷ ಪತ್ತೆ

ಟೊಮೆಟೊ ಎಲೆಯ ಚಿತ್ರ ನೋಡಿ ರೋಗ ಹೇಳುವ ಮಾಡೆಲ್ ಒಂದಿದೆ ಎಂದುಕೊಳ್ಳಿ. ಪೈಟಾರ್ಚ್ ಎಂಬ ಪೈಥಾನ್ ಲೈಬ್ರರಿಯಲ್ಲಿ ತರಬೇತಿ ಪಡೆದ ರೆಸ್‌ನೆಟ್-50 ಎಂಬ ನರಜಾಲ, ಒಟ್ಟು ಹತ್ತು ವರ್ಗಗಳು. ತರಬೇತಿ ಕೊಟ್ಟ ನೋಟ್‌ಬುಕ್‌ನಲ್ಲಿ, ಅಂದರೆ ಕೋಡನ್ನು ತುಂಡು ತುಂಡಾಗಿ ಓಡಿಸಿ ನೋಡುವ ಪುಟದಲ್ಲಿ, ಅದರ ನಿಖರತೆ ಚೆನ್ನಾಗಿಯೇ ಇದೆ. ಫಾಸ್ಟ್‌ಎಪಿಐ ಬಳಸಿ ಅದನ್ನು ವೆಬ್ ಸೇವೆಯಾಗಿ ಬರೆದು, ಕೋಡನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಒಟ್ಟಿಗೆ ಡಾಕರ್ ಕಂಟೈನರ್ ಎಂಬ ಪೆಟ್ಟಿಗೆಯಲ್ಲಿ ಕಟ್ಟಿ, ಮುಂಬೈ ವಲಯದ ಕ್ಲೌಡ್‌ಗೆ ಏರಿಸಿದ್ದಾಗಿದೆ. ಕೋಲಾರದ ಹೊಲವೊಂದರಿಂದ ಯಾರೋ ಫೋನಿನಲ್ಲಿ ಎಲೆಯ ಚಿತ್ರ ತೆಗೆದು ಕಳಿಸುತ್ತಾರೆ. ಉತ್ತರ ಬರುವುದೇ ಇಲ್ಲ. ಅಥವಾ ಬರುತ್ತದೆ, ತಪ್ಪಾಗಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಮಾಡೆಲ್‌ಗೆ. ಇನ್ನಷ್ಟು ಚಿತ್ರ ಸೇರಿಸೋಣ, ಮತ್ತೆ ತರಬೇತಿ ಕೊಡೋಣ ಎನ್ನುತ್ತಾರೆ. ಅದು ಎಲ್ಲಕ್ಕಿಂತ ಕೊನೆಯಲ್ಲಿ ಮಾಡಬೇಕಾದ ಕೆಲಸ. ನೋಟ್‌ಬುಕ್‌ನಲ್ಲಿದ್ದ ಫೈಲೇ ಕ್ಲೌಡ್‌ನಲ್ಲೂ ಇದ್ದರೆ ಮಾಡೆಲ್ ಬದಲಾಗಿಲ್ಲ. ಬದಲಾದದ್ದು ಚಿತ್ರ ಮಾಡೆಲ್‌ವರೆಗೆ ಬರುವ ದಾರಿ. ಆ ದಾರಿಯಲ್ಲಿ ಚಿತ್ರ ಎಲ್ಲಿ ನಿಂತಿತು, ಎಲ್ಲಿ ಬೇರೆಯೇ ಆಯಿತು ಎಂದು ಹುಡುಕಬೇಕು.

ದೋಷಗಳು ಮೂರು ಬಗೆಯವು. ಸೇವೆ ಏಳುವುದೇ ಇಲ್ಲ. ಎದ್ದು, ಕೆಲಸದ ನಡುವೆ ಬೀಳುತ್ತದೆ. ಬೀಳದೆ, 200 (‘ಎಲ್ಲ ಸರಿ’) ಎಂಬ ಸ್ಥಿತಿ ಸಂಖ್ಯೆಯ ಜೊತೆಗೇ ತಪ್ಪು ಉತ್ತರ ಕೊಡುತ್ತದೆ. ಮೊದಲೆರಡರ ಸುಳಿವು ಲಾಗ್‌ನಲ್ಲಿ, ಅಂದರೆ ಸೇವೆ ತಾನೇ ಬರೆಯುವ ದಿನಚರಿಯಲ್ಲಿ, ಸಿಗುತ್ತದೆ. ಮೂರನೆಯದರ ಸುಳಿವು ಎಲ್ಲೂ ಸಿಗುವುದಿಲ್ಲ, ನಷ್ಟ ಮಾತ್ರ ಬಳಕೆದಾರನಿಗೆ. ಟೊಮೆಟೊದ ಮುಂಚಿನ ಅಂಗಮಾರಿ ಶಿಲೀಂಧ್ರದಿಂದ ಬರುವ ರೋಗ. ಎಲೆ ಮುದುಡು ರೋಗ ಬಿಳಿನೊಣ ಹರಡುವ ವೈರಸ್‌ನಿಂದ ಬರುವಂಥದ್ದು. ಎರಡನೆಯದನ್ನು ಮೊದಲನೆಯದೆಂದು ಸೇವೆ ಹೇಳಿಬಿಟ್ಟರೆ ರೈತ ಶಿಲೀಂಧ್ರನಾಶಕಕ್ಕೆ ದುಡ್ಡು ಸುರಿಯುತ್ತಾನೆ, ಬಿಳಿನೊಣ ಪಕ್ಕದ ಸಾಲಿಗೆ ಹಾರುತ್ತದೆ. ಹಾಗಾಗಿ ಈ ಬರಹದಲ್ಲಿ ದೊಡ್ಡ ಪಾಲು ಮೂರನೆಯ ಬಗೆಗೆ ಮೀಸಲು.

ಮೊದಲು ಒಂದು ಸಾಕ್ಷಿ ಚಿತ್ರ

ಯಾವ ಬಗೆಯ ದೋಷವೇ ಇರಲಿ, ಹುಡುಕಾಟಕ್ಕೆ ಇಳಿಯುವ ಮುನ್ನ ಒಂದು ಚಿತ್ರವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ. ಫೋನಿನಿಂದ ನೇರವಾಗಿ ತೆಗೆದ ಮೂಲ ಫೈಲ್ ಆಗಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಬಂದದ್ದು ಬೇಡ. ಅದು ಕುಗ್ಗಿರುತ್ತದೆ, ಮತ್ತೆ ಸಂಕುಚಿತಗೊಂಡಿರುತ್ತದೆ, ಫೋನ್ ಬರೆದಿದ್ದ ಮಾಹಿತಿಯೂ ಉಳಿದಿರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಹಾಗೆಯೇ ಬರುತ್ತದೆ.

ಈ ಚಿತ್ರವನ್ನು ತರಬೇತಿಯ ನೋಟ್‌ಬುಕ್‌ನಲ್ಲಿ ಓಡಿಸಿ, ದಾರಿಯ ನಾಲ್ಕು ಕಡೆ ನಿಂತು ಬರೆದುಕೊಳ್ಳಿ. ಫೈಲ್ ಬಿಚ್ಚಿದ ಕೂಡಲೇ ಅದರ ಅಗಲ, ಎತ್ತರ, ಚಾನೆಲ್‌ಗಳ ಸಂಖ್ಯೆ, ನಡುವಿನ ಪಿಕ್ಸೆಲ್‌ನ ಮೂರು ಬೆಲೆಗಳು. ಗಾತ್ರ ಕುಗ್ಗಿಸಿದ ಮೇಲೆ ಅದೇ ನಡುವಿನ ಪಿಕ್ಸೆಲ್. ಸಾಮಾನ್ಯೀಕರಣದ (ಪಿಕ್ಸೆಲ್ ಬೆಲೆಗಳನ್ನು ಮಾಡೆಲ್‌ಗೆ ಒಗ್ಗುವ ಅಳತೆಗೆ ತರುವುದರ) ನಂತರ ಇಡೀ ಟೆನ್ಸರ್‌ನ, ಅಂದರೆ ಮಾಡೆಲ್‌ಗೆ ಕೊಡುವ ಸಂಖ್ಯೆಗಳ ಕಟ್ಟಿನ, ಕನಿಷ್ಠ, ಗರಿಷ್ಠ, ಸರಾಸರಿ. ಕೊನೆಗೆ ಮಾಡೆಲ್ ಕೊಟ್ಟ ಹತ್ತು ಕಚ್ಚಾ ಸಂಖ್ಯೆಗಳು, ಅಂದರೆ ಅವನ್ನು ಸಂಭವನೀಯತೆಗಳಾಗಿಸುವ ಸಾಫ್ಟ್‌ಮ್ಯಾಕ್ಸ್‌ಗೆ ಮೊದಲಿನವು. ಜೊತೆಗೆ ತೂಕಗಳ (ಮಾಡೆಲ್ ತರಬೇತಿಯಲ್ಲಿ ಕಲಿತ ಸಂಖ್ಯೆಗಳ) ಫೈಲಿನ ಶಾ-256 ಮೊತ್ತ, ಅಂದರೆ ಫೈಲ್ ತುಸು ಬದಲಾದರೂ ಬದಲಾಗುವ ಗುರುತು. ಇಷ್ಟು ಒಂದು ಪುಟದಲ್ಲಿ ಹಿಡಿಯುತ್ತದೆ. ಇದಿಲ್ಲದೆ ಮಾಡುವ ಹುಡುಕಾಟವೆಲ್ಲ ಊಹೆ.

ಸೇವೆ ಏಳುವುದೇ ಇಲ್ಲ

ಈ ಬಗೆಯ ದೋಷಕ್ಕೆ ಲಾಗ್‌ನ ಕೊನೆಯ ಸಾಲೇ ಬಹುತೇಕ ಉತ್ತರ. ಓದುವ ತಾಳ್ಮೆ ಬೇಕು, ಅಷ್ಟೇ.

‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದಿದ್ದರೆ ಕೋಡ್‌ನ ತಪ್ಪಲ್ಲ. ಕಂಟೈನರ್ ಇಮೇಜನ್ನು ಎಂ ಸರಣಿಯ ಚಿಪ್ ಇರುವ ಮ್ಯಾಕ್‌ನಲ್ಲಿ ಕಟ್ಟಿದ್ದೀರಿ. ಅದು ಆರ್ಮ್ ವಾಸ್ತುವಿನದು. ಕ್ಲೌಡ್‌ನ ಯಂತ್ರ ಎಎಂಡಿ64. ಕಟ್ಟುವಾಗಲೇ ಪ್ಲಾಟ್‌ಫಾರ್ಮ್ ಲಿನಕ್ಸ್/ಎಎಂಡಿ64 ಎಂದು ಸೂಚಿಸಿ ಮತ್ತೆ ಕಟ್ಟಿ.

ಚಿತ್ರ ಸಂಸ್ಕರಿಸುವ ಓಪನ್‌ಸಿವಿ ಲೈಬ್ರರಿ ಆಮದಾಗುವಾಗ ‘ಲಿಬ್‌ಜಿಎಲ್’ ಎಂಬ ಫೈಲ್ ಇಲ್ಲ ಎಂದರೆ, ಪರದೆಯ ಮೇಲೆ ಕಿಟಕಿ ತೆರೆಯಲು ಬೇಕಾದ ಲೈಬ್ರರಿಯನ್ನು ಅದು ಕೇಳುತ್ತಿದೆ. ಪೈಥಾನ್‌ನ ಸ್ಲಿಮ್ ಇಮೇಜ್‌ನಲ್ಲಿ ಅದು ಇರುವುದಿಲ್ಲ, ಸರ್ವರ್‌ಗೆ ಬೇಕಾಗಿಯೂ ಇಲ್ಲ. ಓಪನ್‌ಸಿವಿಯ ‘ಹೆಡ್‌ಲೆಸ್’ ಪ್ಯಾಕೇಜ್ ಹಾಕಿದರೆ ಮುಗಿಯಿತು.

ಲಾಗ್‌ನಲ್ಲಿ ಎಲ್ಲವೂ ಸರಿಯಾಗಿದೆ, ಸರ್ವರ್ ಓಡುತ್ತಿದೆ ಎಂದು ಬಂದಿದೆ, ಆದರೂ ಕ್ಲೌಡ್ ಸೇವೆ ‘ಕಂಟೈನರ್ ಎದ್ದಿಲ್ಲ’ ಎನ್ನುತ್ತಿದೆ. ಆಗ ನೋಡಬೇಕಾದದ್ದು ವಿಳಾಸ ಮತ್ತು ಪೋರ್ಟ್. ಫಾಸ್ಟ್‌ಎಪಿಐ ಕೋಡನ್ನು ಓಡಿಸುವ ಸರ್ವರ್ ಯುವಿಕಾರ್ನ್‌ಗೆ ಏನೂ ಹೇಳದಿದ್ದರೆ ಅದು 127.0.0.1ರ 8000ನೇ ಪೋರ್ಟ್‌ನಲ್ಲಿ ಕಿವಿಗೊಡುತ್ತದೆ. ಆ ವಿಳಾಸ ಕಂಟೈನರಿನ ಒಳಗಿನವರಿಗೆ ಮಾತ್ರ ತೆರೆದಿರುವಂಥದ್ದು. ಹೊರಗಿನಿಂದ ಬಂದ ಕರೆ ಅದಕ್ಕೆ ಕೇಳಿಸುವುದಿಲ್ಲ. 0.0.0.0 ಎಂದು ಕೊಡಿ. ಪೋರ್ಟ್ ಸಂಖ್ಯೆಯನ್ನು ಕೈಯಾರೆ ಬರೆಯುವ ಬದಲು ಕ್ಲೌಡ್ ಕೊಡುವ ಪರಿಸರ ಚರದಿಂದ ಓದಿ. ಗೂಗಲ್ ಕ್ಲೌಡ್ ರನ್‌ನಲ್ಲಿ ಬೇರೆ ಹೇಳದಿದ್ದರೆ ಅದು 8080.

ಇನ್ನು ತೂಕಗಳ ಫೈಲ್. ಇದರಲ್ಲಿ ಒಂದು ದೋಷ ಎಷ್ಟು ಜನರ ಸಮಯ ತಿನ್ನುತ್ತದೆ ಎಂದರೆ ಅದನ್ನು ಹತ್ತಿರದಿಂದ ನೋಡಲೇಬೇಕು. ಮಾಡೆಲ್ ಲೋಡ್ ಆಗುವಾಗ ‘ಇನ್‌ವ್ಯಾಲಿಡ್ ಲೋಡ್ ಕೀ’ ಎಂದು ಹೇಳಿ, ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ‘ವಿ’ ಎಂಬ ಒಂದೇ ಅಕ್ಷರ ತೋರಿಸುತ್ತದೆ. ಫೈಲ್ ಕೆಟ್ಟಿದೆ ಎಂದುಕೊಂಡು ಜನ ಮತ್ತೆ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಫೈಲ್ ಕೆಟ್ಟಿಲ್ಲ, ಅದು ಮಾಡೆಲ್ ಫೈಲೇ ಅಲ್ಲ. ಗಿಟ್‌ಹಬ್ 100 ಎಂಬಿಗಿಂತ ದೊಡ್ಡ ಫೈಲನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ದೊಡ್ಡ ಫೈಲುಗಳನ್ನು ಗಿಟ್ ಎಲ್‌ಎಫ್‌ಎಸ್ ಮೂಲಕ ಇಡುವುದು ರೂಢಿ. ರೆಪೊಸಿಟರಿಯಲ್ಲಿ ಉಳಿಯುವುದು ಮೂರು ಸಾಲಿನ ಒಂದು ಸೂಚಕ ಪಠ್ಯ ಮಾತ್ರ, ಅದರ ಮೊದಲ ಪದ ‘ವರ್ಷನ್’. ಕಂಟೈನರ್ ಕಟ್ಟುವ ಯಂತ್ರದಲ್ಲಿ ಎಲ್‌ಎಫ್‌ಎಸ್ ಇಲ್ಲದಿದ್ದರೆ ಒಳಗೆ ಹೋಗುವುದು ಆ ಪಠ್ಯವೇ. ಫೈಲ್ ತೆರೆಯುವ ಪೈಥಾನ್‌ನ ಪಿಕಲ್ ಅದರ ಮೊದಲ ಅಕ್ಷರವನ್ನು ಓದಿ, ಇದು ನನಗೆ ತಿಳಿಯದು ಎಂದು ನಿಲ್ಲುತ್ತದೆ. ದೋಷ ಸಂದೇಶದ ಆ ‘ವಿ’ ಬಂದದ್ದು ಅಲ್ಲಿಂದ. ‘ವಿ’ ಬದಲು ‘<’ ಚಿಹ್ನೆ ಕಂಡರೆ ಇಳಿದದ್ದು ಎಚ್‌ಟಿಎಂಎಲ್ ಪುಟ. ಡೌನ್‌ಲೋಡ್ ಕೊಂಡಿ ಫೈಲಿನ ಬದಲು ಲಾಗಿನ್ ಪುಟವನ್ನೋ ಎಚ್ಚರಿಕೆಯ ಪುಟವನ್ನೋ ಕೊಟ್ಟಿದೆ. ಎರಡಕ್ಕೂ ಪರೀಕ್ಷೆ ಒಂದೇ: ಕಂಟೈನರಿನ ಒಳಗೆ ಫೈಲಿನ ಗಾತ್ರ ನೋಡಿ. ಹತ್ತು ವರ್ಗಗಳ ರೆಸ್‌ನೆಟ್-50ರಲ್ಲಿ ಸುಮಾರು 2.35 ಕೋಟಿ ತೂಕಗಳಿವೆ, ಒಂದೊಂದಕ್ಕೆ ನಾಲ್ಕು ಬೈಟ್. ಫೈಲ್ ನೂರು ಎಂಬಿಯ ಆಸುಪಾಸಿನಲ್ಲಿರಲೇಬೇಕು. ನೂರಾರು ಬೈಟ್ ಮಾತ್ರ ಇದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಪೈಟಾರ್ಚ್ 2.6ರಿಂದ ಫೈಲ್ ಲೋಡ್ ಮಾಡುವಾಗ ತೂಕಗಳನ್ನು ಮಾತ್ರ ಓದುವುದು ಪೂರ್ವನಿಯೋಜಿತ ನಡವಳಿಕೆ. ಇಡೀ ಮಾಡೆಲ್ ವಸ್ತುವನ್ನೇ ಹಿಂದೆ ಉಳಿಸಿಟ್ಟವರಿಗೆ ಆವೃತ್ತಿ ಏರಿಸಿದ ದಿನವೇ ಇದು ಎದುರಾಗುತ್ತದೆ. ಆ ರಕ್ಷಣೆಯನ್ನು ಆಫ್ ಮಾಡಿ ಮುಂದೆ ಹೋಗುವ ಬದಲು, ಸ್ಟೇಟ್ ಡಿಕ್ಟ್ (ತೂಕಗಳ ಹೆಸರು ಮತ್ತು ಬೆಲೆಗಳ ಪಟ್ಟಿ) ಮಾತ್ರ ಉಳಿಸಿದ ಹೊಸ ಫೈಲ್ ಮಾಡಿಕೊಳ್ಳುವುದು ಮೇಲು. ಪಿಕಲ್ ಫೈಲ್ ತೆರೆಯುವುದೆಂದರೆ ಅದರೊಳಗಿನ ಕೋಡ್ ಓಡಲು ಬಾಗಿಲು ತೆರೆದಂತೆಯೇ ಸರಿ. ಲೈಬ್ರರಿಗಳ ಆವೃತ್ತಿಗಳನ್ನು ಸಂಖ್ಯೆ ಸಮೇತ ಬರೆದಿಡಿ. 2024ರ ಜೂನ್‌ನಲ್ಲಿ ಸಂಖ್ಯೆಗಳ ಲೆಕ್ಕ ಮಾಡುವ ನಮ್‌ಪೈ ಲೈಬ್ರರಿಯ 2.0 ಆವೃತ್ತಿ ಬಂದಾಗ, ಆವೃತ್ತಿ ಬರೆದಿಡದ ಎಷ್ಟೋ ಸೇವೆಗಳು ಒಂದು ಸಾಲೂ ಬದಲಾಗದೆ ಮರುಕಟ್ಟಿದ ಕೂಡಲೇ ನಿಂತವು.

ಏಳುತ್ತದೆ, ನಡುವೆ ಬೀಳುತ್ತದೆ

ಇಲ್ಲಿ ಕೇಳಬೇಕಾದ ಪ್ರಶ್ನೆ: ದೋಷದ ಉತ್ತರವನ್ನು ಕೊಟ್ಟದ್ದು ಯಾರು? ಫೋನಿಗೂ ಪೈಥಾನ್ ಕೋಡಿಗೂ ನಡುವೆ ಕರೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್, ಅವನ್ನು ಮುಂದೆ ದಾಟಿಸುವ ಎಂಜಿನ್‌ಎಕ್ಸ್, ಪೈಥಾನ್ ವರ್ಕರ್‌ಗಳನ್ನು (ಕೆಲಸ ಮಾಡುವ ಪ್ರಕ್ರಿಯೆಗಳನ್ನು) ನಡೆಸುವ ಗುನಿಕಾರ್ನ್ ಹೀಗೆ ಹಲವರು ನಿಂತಿರುತ್ತಾರೆ. ನಿಮ್ಮ ಲಾಗ್‌ನಲ್ಲಿ ಆ ಕರೆಯ ಸುಳಿವೇ ಇಲ್ಲದಿದ್ದರೆ ಅದು ನಿಮ್ಮ ಕೋಡ್‌ವರೆಗೆ ಬಂದೇ ಇಲ್ಲ.

413 ಬಂದರೆ ಚಿತ್ರ ದೊಡ್ಡದಾಯಿತು ಎಂದರ್ಥ. ಎಂಜಿನ್‌ಎಕ್ಸ್ ತಾನಾಗಿ ಒಪ್ಪುವುದು 1 ಎಂಬಿ ಮಾತ್ರ. ಇಂದಿನ ಫೋನಿನ ಚಿತ್ರ ಅದಕ್ಕಿಂತ ಎಷ್ಟೋ ದೊಡ್ಡದು. ಅಮೆಜಾನ್ ಕ್ಲೌಡ್‌ನ ಎಡಬ್ಲ್ಯುಎಸ್ ಲ್ಯಾಂಬ್ಡಾ ಸೇವೆಗೆ ನೇರ ಕರೆಯ ಮಿತಿ 6 ಎಂಬಿ. ಚಿತ್ರವನ್ನು ಬೇಸ್64 ಪಠ್ಯವಾಗಿ ಕಳಿಸಿದರೆ ಅದು ಮೂರನೆಯ ಒಂದು ಪಾಲು ಉಬ್ಬುತ್ತದೆ, ಆಗ 4.5 ಎಂಬಿಯ ಚಿತ್ರವೇ ಮಿತಿ ಮುಟ್ಟುತ್ತದೆ. ಮಿತಿ ಏರಿಸುತ್ತಾ ಹೋಗುವುದಕ್ಕಿಂತ ಫೋನಿನಲ್ಲೇ ಚಿತ್ರ ಕುಗ್ಗಿಸಿ ಕಳಿಸುವುದು ಒಳ್ಳೆಯದು. ಮಾಡೆಲ್ ನೋಡುವುದು 224 ಪಿಕ್ಸೆಲ್‌ನ ಚೌಕವನ್ನು. ಉದ್ದನೆಯ ಬದಿ ಸಾವಿರ ಪಿಕ್ಸೆಲ್ ಇದ್ದರೆ ಧಾರಾಳ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಹೊಲದಲ್ಲಿ ಮೇಲೇರಿಸುವ ವೇಗ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕರೆ 4 ಎಂಬಿಯ ಚಿತ್ರ ತಲುಪಲು 32 ಸೆಕೆಂಡ್ ಬೇಕು. ಸೇವೆ ಗುನಿಕಾರ್ನ್‌ನ ಸಾಮಾನ್ಯ (ಸಿಂಕ್) ವರ್ಕರ್ ಮೇಲೆ ಓಡುತ್ತಿದ್ದರೆ ಅದು 30 ಸೆಕೆಂಡ್ ಕಾದು, ‘ವರ್ಕರ್ ಟೈಮ್‌ಔಟ್’ ಎಂದು ಲಾಗ್‌ನಲ್ಲಿ ಬರೆದು ಸಾಯುತ್ತದೆ. ಕಚೇರಿಯ ವೈಫೈಯಲ್ಲಿ ಕುಳಿತು ಎಷ್ಟು ಪರೀಕ್ಷಿಸಿದರೂ ಈ ದೋಷ ಕಾಣುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ, ಸಿಗ್ನಲ್ ಒಂದೆರಡು ಗೆರೆ ಇರುವ ಜಾಗಕ್ಕೆ ಹೋಗಿ ಪರೀಕ್ಷಿಸಿ.

137 ಎಂಬ ನಿರ್ಗಮನ ಸಂಖ್ಯೆ ಕಂಡರೆ, 128ಕ್ಕೆ 9 ಸೇರಿದೆ. ಒಂಬತ್ತನೆಯ ಸಿಗ್ನಲ್ ಬಲವಂತವಾಗಿ ಕೊಲ್ಲುವುದು. ಬಹುಪಾಲು ಸಲ ಕಾರಣ ಮೆಮೊರಿ ಮುಗಿದದ್ದು. ನೂರು ಎಂಬಿಯ ಮಾಡೆಲ್‌ಗೆ 512 ಎಂಬಿ ಸಾಲದೇ ಎಂಬ ಲೆಕ್ಕ ಸರಿ ಕಾಣುತ್ತದೆ, ಆದರೆ ಚಿತ್ರದ ಲೆಕ್ಕವನ್ನೂ ಹಾಕಬೇಕು. 4000 ಅಗಲ, 3000 ಎತ್ತರದ ಚಿತ್ರ ಫೈಲಾಗಿ 4 ಎಂಬಿ ಇರಬಹುದು. ಬಿಚ್ಚಿದಾಗ ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ 36 ಎಂಬಿ. ಅದನ್ನು ನಮ್‌ಪೈ ಅರ್ರೇ (ಸಂಖ್ಯೆಗಳ ಕೋಷ್ಟಕ) ಮಾಡಿ 255.0ರಿಂದ ಭಾಗಿಸಿದ ಒಂದೇ ಸಾಲಿನಲ್ಲಿ ಪ್ರತಿ ಬೆಲೆಯೂ ಎಂಟು ಬೈಟ್‌ನ ಫ್ಲೋಟ್ (ದಶಮಾಂಶ ಸಂಖ್ಯೆ) ಆಗುತ್ತದೆ. ಅಲ್ಲಿಗೆ 288 ಎಂಬಿ, ಒಂದು ಚಿತ್ರಕ್ಕೆ. ಒಟ್ಟಿಗೆ ಎರಡು ಕರೆ ಬಂದರೆ ಸೇವೆ ಬಿದ್ದಂತೆ. ಪರಿಹಾರಕ್ಕೆ ದುಡ್ಡು ಖರ್ಚಾಗುವುದಿಲ್ಲ: ಮೊದಲು ಕುಗ್ಗಿಸಿ, ಆಮೇಲೆ ಅರ್ರೇ ಮಾಡಿ. ಗುನಿಕಾರ್ನ್‌ಗೆ ನಾಲ್ಕು ವರ್ಕರ್ ಕೊಟ್ಟಿದ್ದರೆ ಸಾಮಾನ್ಯವಾಗಿ ಮಾಡೆಲ್ ಕೂಡ ನಾಲ್ಕು ಸಲ ಲೋಡ್ ಆಗಿರುತ್ತದೆ ಎಂಬುದೂ ನೆನಪಿರಲಿ. ಕ್ಲೌಡ್ ರನ್‌ನಂಥ ಕಡೆ ತಾತ್ಕಾಲಿಕ ಫೋಲ್ಡರ್‌ಗೆ ಬರೆದ ಫೈಲ್ ಕೂಡ ಮೆಮೊರಿಯ ಲೆಕ್ಕಕ್ಕೇ ಸೇರುತ್ತದೆ. ಬಂದ ಚಿತ್ರವನ್ನೆಲ್ಲ ಅಲ್ಲಿ ಬರೆದು ಅಳಿಸದೆ ಬಿಟ್ಟರೆ ಸೇವೆ ಬೆಳಗ್ಗೆ ಸರಿಯಿದ್ದು ಸಂಜೆಗೆ ಬೀಳುತ್ತದೆ.

ಒಬ್ಬರೇ ಬಳಸುವಾಗ ಸರಿ, ನಾಲ್ವರು ಬಂದರೆ ಎಲ್ಲರಿಗೂ ನಿಂತುಹೋಗುತ್ತದೆ ಎಂದಾದರೆ ಎರಡು ಜಾಗ ನೋಡಿ. ಫಾಸ್ಟ್‌ಎಪಿಐಯಲ್ಲಿ ‘ಅಸಿಂಕ್’ ಎಂದು ಗುರುತಿಸಿದ ಫಂಕ್ಷನ್‌ನೊಳಗೆ ಮಾಡೆಲ್ ಓಡಿಸಿದ್ದರೆ, ಅದು ಲೆಕ್ಕ ಮುಗಿಸುವವರೆಗೆ ಆ ಪ್ರಕ್ರಿಯೆ ಬೇರೆ ಯಾರಿಗೂ ಉತ್ತರಿಸುವುದಿಲ್ಲ, ಆರೋಗ್ಯ ತಪಾಸಣೆಯ ಕರೆಗೂ. ಸೇವೆ ಸತ್ತಿದೆ ಎಂದು ಭಾವಿಸಿ ಕ್ಲೌಡ್ ಅದನ್ನು ಕೊಂದು ಹೊಸದನ್ನು ಎಬ್ಬಿಸುತ್ತದೆ. ‘ಅಸಿಂಕ್’ ತೆಗೆದು ಸಾದಾ ಫಂಕ್ಷನ್ ಮಾಡಿದರೆ ಫಾಸ್ಟ್‌ಎಪಿಐ ಅದನ್ನು ಬೇರೆ ಥ್ರೆಡ್‌ಗೆ ಕಳಿಸುತ್ತದೆ. ಇನ್ನೊಂದು ಜಾಗ ಥ್ರೆಡ್‌ಗಳ ಸಂಖ್ಯೆ: ಕಂಟೈನರಿಗೆ ಒಂದೇ ಸಿಪಿಯು ಪಾಲು ಸಿಕ್ಕಿದ್ದರೂ ಪೈಟಾರ್ಚ್‌ಗೆ ಆಧಾರ ಯಂತ್ರದ ಎಲ್ಲ ಕೋರ್‌ಗಳೂ ಕಾಣಬಹುದು, ಅಷ್ಟೂ ಥ್ರೆಡ್ ತೆರೆದು ಒಂದೇ ಸಿಪಿಯುಗೆ ಅವು ಕಿತ್ತಾಡುತ್ತವೆ. ಥ್ರೆಡ್ ಸಂಖ್ಯೆಯನ್ನು ಸಿಕ್ಕ ಪಾಲಿಗೆ ತಕ್ಕಂತೆ ನೀವೇ ಹೇಳಿ.

ಮೊದಲ ಕರೆ ಮಾತ್ರ ನಿಧಾನ ಎಂಬ ದೂರು ದೋಷವಲ್ಲ. ಹೊಸ ಇನ್‌ಸ್ಟೆನ್ಸ್ (ಸೇವೆಯ ಹೊಸ ಪ್ರತಿ) ಏಳುವ, ಮಾಡೆಲ್ ಲೋಡ್ ಆಗುವ ಸಮಯ ಅದು. ಲಿನಕ್ಸ್‌ನಲ್ಲಿ ಪಿಪ್ ಸುಮ್ಮನೆ ತರುವ ಪೈಟಾರ್ಚ್ ಜೊತೆಗೆ ಜಿಪಿಯುಗೆ ಬೇಕಾದ ಕೂಡಾ ಲೈಬ್ರರಿಗಳ ಗಂಟೂ ಬರುತ್ತದೆ; ಸಿಪಿಯು ಮಾತ್ರದ ಆವೃತ್ತಿ ಹಾಕಿ, ಒಂದು ಇನ್‌ಸ್ಟೆನ್ಸ್ ಸದಾ ಎಚ್ಚರವಿರುವಂತೆ ನಿಗದಿಪಡಿಸಿ.

200 ಬರುತ್ತದೆ, ಉತ್ತರ ತಪ್ಪು

ಈಗ ಸಾಕ್ಷಿ ಚಿತ್ರವನ್ನು ಹೊರಗೆ ತೆಗೆಯಿರಿ. ಸೇವೆಯ ಕೋಡ್‌ನಲ್ಲೂ ಅದೇ ನಾಲ್ಕು ಜಾಗಗಳಲ್ಲಿ ಸಂಖ್ಯೆಗಳನ್ನು ಲಾಗ್ ಮಾಡಿಸಿ, ನೋಟ್‌ಬುಕ್‌ನ ಪುಟದ ಪಕ್ಕದಲ್ಲಿ ಇಡಿ. ಮೊದಲ ಸಲ ಎಲ್ಲಿ ಬೇರೆಯಾಗುತ್ತದೋ ದೋಷ ಅದರ ಹಿಂದಿನ ಹೆಜ್ಜೆಯಲ್ಲಿದೆ. ಆದರೆ ಸಂಖ್ಯೆ ನೋಡುವುದಕ್ಕೂ ಮುನ್ನ ತಪ್ಪಿನ ಬಗೆಯೇ ಬಹಳಷ್ಟು ಹೇಳುತ್ತದೆ.

ಯಾವ ಚಿತ್ರ ಕೊಟ್ಟರೂ ಒಂದೇ ಉತ್ತರ ಎಂದಾದರೆ ಸಾಮಾನ್ಯೀಕರಣದ ಮೇಲೆ ಗುಮಾನಿ ಇಡಿ. ಇಮೇಜ್‌ನೆಟ್ ಎಂಬ ದೊಡ್ಡ ಚಿತ್ರಸಂಗ್ರಹದ ರೂಢಿಯಂತೆ ಕೆಂಪು, ಹಸಿರು, ನೀಲಿಗಳ ಸರಾಸರಿ 0.485, 0.456, 0.406; ವಿಚಲನೆ 0.229, 0.224, 0.225. ಪಿಕ್ಸೆಲ್‌ಗಳನ್ನು 255ರಿಂದ ಭಾಗಿಸಿ, ಸರಾಸರಿ ಕಳೆದು, ವಿಚಲನೆಯಿಂದ ಭಾಗಿಸಿದ ಮೇಲೆ ಯಾವ ಚಿತ್ರವಾದರೂ ಅದರ ಬೆಲೆಗಳು –2.12 ಮತ್ತು 2.64ರ ನಡುವೆಯೇ ಇರಬೇಕು. ಗರಿಷ್ಠ ಬೆಲೆ ಸಾವಿರ ದಾಟಿದ್ದರೆ 255ರಿಂದ ಭಾಗಿಸುವುದು ಬಿಟ್ಟುಹೋಗಿದೆ. 0 ಮತ್ತು 1ರ ನಡುವೆ ಇದ್ದರೆ ಸರಾಸರಿ ಕಳೆದಿಲ್ಲ. ಕೆಂಪಿನ ಬೆಲೆಗಳೆಲ್ಲ –2.12 ಮತ್ತು –2.10ರ ನಡುವೆ ಒತ್ತಿಕೊಂಡಿದ್ದರೆ ಎರಡು ಸಲ ಭಾಗಿಸಿದ್ದೀರಿ. ಮಾಡೆಲ್‌ಗೆ ಕಾಣುತ್ತಿರುವುದು ಬರೀ ಕತ್ತಲೆ, ಹಾಗಾಗಿ ಒಂದೇ ಉತ್ತರ. ಇದು ಆಗುವ ಬಗೆಯೂ ಸರಳ. ಪೈಟಾರ್ಚ್‌ನ ಜೊತೆಯ ಚಿತ್ರ ಲೈಬ್ರರಿ ಟಾರ್ಚ್‌ವಿಷನ್‌ನ ‘ಟು ಟೆನ್ಸರ್’ ಎಂಟು ಬಿಟ್‌ನ ಪೂರ್ಣಾಂಕಗಳನ್ನು ಕೊಟ್ಟರೆ ತಾನೇ 255ರಿಂದ ಭಾಗಿಸುತ್ತದೆ, ಫ್ಲೋಟ್ ಅರ್ರೇ ಕೊಟ್ಟರೆ ಭಾಗಿಸುವುದಿಲ್ಲ. ಅದಕ್ಕೂ ಮೊದಲು ಯಾರೋ ಫ್ಲೋಟ್ ಮಾಡುವ ಸಾಲು ಸೇರಿಸಿದರೆ ಭಾಗಾಕಾರ ನಿಲ್ಲುತ್ತದೆ. ಅದರ ನಂತರ ಕೈಯಾರೆ ಭಾಗಿಸಿದರೆ ಎರಡು ಸಲವಾಗುತ್ತದೆ. ಕೆರಾಸ್ ಎಂಬ ಇನ್ನೊಂದು ಲೈಬ್ರರಿ ಬಳಸುವವರಿಗೆ ಇಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು: ಅಲ್ಲಿನ ಎಫಿಶಿಯೆಂಟ್‌ನೆಟ್ ತನ್ನೊಳಗೇ ಈ ಕೆಲಸ ಮಾಡಿಕೊಳ್ಳುತ್ತದೆ, 0ಯಿಂದ 255ರ ಬೆಲೆಗಳನ್ನೇ ಬಯಸುತ್ತದೆ, ಮೊಬೈಲ್‌ನೆಟ್ ವಿ2 ಬಯಸುವುದು –1ರಿಂದ 1ರವರೆಗೆ, ರೆಸ್‌ನೆಟ್-50 ಬಣ್ಣಗಳ ಕ್ರಮವನ್ನೇ ತಿರುಗಿಸಿ ಕೇಳುತ್ತದೆ.

ಆರೋಗ್ಯವಂತ ಎಲೆಯನ್ನು ಸರಿಯಾಗಿ ಗುರುತಿಸುತ್ತದೆ, ರೋಗಗಳನ್ನು ಮಾತ್ರ ಅದಲುಬದಲು ಮಾಡುತ್ತದೆ. ಈ ಲಕ್ಷಣ ಕಂಡ ಕೂಡಲೇ ಬಣ್ಣದ ಕ್ರಮ ನೋಡಿ. ಪೈಥಾನ್‌ನ ಪಿಲ್ಲೋ ಲೈಬ್ರರಿ ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಓದುತ್ತದೆ. ಓಪನ್‌ಸಿವಿ ನೀಲಿ, ಹಸಿರು, ಕೆಂಪು ಎಂದು. ತರಬೇತಿ ಒಂದರಲ್ಲಿ, ಸೇವೆ ಇನ್ನೊಂದರಲ್ಲಿ ಆಗಿದ್ದರೆ ಕೆಂಪು ನೀಲಿಗಳು ಜಾಗ ಬದಲಿಸುತ್ತವೆ, ನಡುವಿನ ಹಸಿರು ಅಲ್ಲೇ ಉಳಿಯುತ್ತದೆ. ಹಸಿರು ಎಲೆ ಹಸಿರಾಗಿಯೇ ಇರುತ್ತದೆ. ಆದರೆ ಅದರ ಮೇಲಿನ ಹಳದಿ ಅಂಚು ತಿಳಿನೀಲಿಯಾಗುತ್ತದೆ, ಕಂದು ಚುಕ್ಕೆ ನೀಲಿಗೆ ತಿರುಗುತ್ತದೆ. ಅಂಗಮಾರಿಯ ಗುರುತೇ ಆ ಕಂದು ಉಂಗುರಗಳು! ಮಾಡೆಲ್ ಎಂದೂ ನೋಡದ ನೀಲಿ ಚುಕ್ಕೆಯನ್ನು ನೋಡಿ ಬಾಯಿಗೆ ಬಂದ ರೋಗದ ಹೆಸರು ಹೇಳುತ್ತದೆ. ಸರಾಸರಿ ನಿಖರತೆ ತುಸು ಇಳಿದಂತೆ ಮಾತ್ರ ಕಾಣುವುದರಿಂದ ಈ ದೋಷ ತಿಂಗಳುಗಟ್ಟಲೆ ಉಳಿದುಬಿಡಬಲ್ಲದು. ಸಾಕ್ಷಿ ಚಿತ್ರದ ನಡುವಿನ ಪಿಕ್ಸೆಲ್ ನೋಟ್‌ಬುಕ್‌ನಲ್ಲಿ 142, 110, 61 ಎಂದಿದ್ದು ಸೇವೆಯಲ್ಲಿ 61, 110, 142 ಎಂದು ಬಂದರೆ ಬೇರೆ ಪುರಾವೆ ಬೇಡ.

ಕೆಲವು ಫೋನಿನವರಿಗೆ ಮಾತ್ರ ತಪ್ಪು ಬರುತ್ತದೆ ಎಂಬ ದೂರಿಗೆ ಕಾರಣ ಹೆಚ್ಚಾಗಿ ದಿಕ್ಕು. ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಎಷ್ಟೋ ಕ್ಯಾಮೆರಾಗಳು ಪಿಕ್ಸೆಲ್‌ಗಳನ್ನು ಅಡ್ಡಲಾಗಿಯೇ ಬರೆದು, ‘ತೋರಿಸುವಾಗ ತಿರುಗಿಸಿ’ ಎಂಬ ಸೂಚನೆಯನ್ನು ಎಕ್ಸಿಫ್ ಮಾಹಿತಿಯಲ್ಲಿ ಇಡುತ್ತವೆ. ಗ್ಯಾಲರಿ ಅದನ್ನು ಪಾಲಿಸುತ್ತದೆ, ಓಪನ್‌ಸಿವಿ ಫೈಲ್ ಓದುವಾಗ ಪಾಲಿಸುತ್ತದೆ, ಪಿಲ್ಲೋ ತಾನಾಗಿ ಪಾಲಿಸುವುದಿಲ್ಲ. ಅದಕ್ಕೆ ‘ಎಕ್ಸಿಫ್ ಟ್ರಾನ್ಸ್‌ಪೋಸ್’ ಎಂದು ಹೇಳಬೇಕು. ಸಾಕ್ಷಿ ಚಿತ್ರದ ಅಗಲ ಎತ್ತರಗಳು ಅದಲುಬದಲಾಗಿದ್ದರೆ ಇದೇ. ಎಲೆಗೆ ದಿಕ್ಕಿನಿಂದ ಹೆಚ್ಚು ನಷ್ಟವಿಲ್ಲದಿರಬಹುದು. ಅದೇ ಸೇವೆಯ ವಿನ್ಯಾಸದಲ್ಲಿ ಪಹಣಿಯನ್ನೋ ಮುಖವನ್ನೋ ಓದಿಸಿದರೆ ಪೂರ್ತಿ ಕೆಡುತ್ತದೆ. ಐಫೋನ್‌ಗಳು 2017ರ ಐಓಎಸ್ 11ರಿಂದ ಎಚ್‌ಇಐಸಿ ರೂಪದಲ್ಲೂ ಚಿತ್ರ ಉಳಿಸುತ್ತವೆ. ಪಿಲ್ಲೋಗೆ ಅದನ್ನು ತೆರೆಯಲು ಹೆಚ್ಚುವರಿ ಲೈಬ್ರರಿ ಬೇಕು. ಪಾರದರ್ಶಕ ಪದರವಿರುವ ಪಿಎನ್‌ಜಿಗೆ ನಾಲ್ಕು ಚಾನೆಲ್, ಬೂದು ಚಿತ್ರಕ್ಕೆ ಒಂದೇ. ತೆರೆದ ಕೂಡಲೇ ಎಲ್ಲವನ್ನೂ ಮೂರು ಚಾನೆಲ್‌ಗೆ ಪರಿವರ್ತಿಸುವ ಒಂದು ಸಾಲು ಇರಲಿ.

ನಡುವಿನ ಪಿಕ್ಸೆಲ್ ಬಿಚ್ಚಿದಾಗ ಹೊಂದುತ್ತದೆ, ಕುಗ್ಗಿಸಿದ ಮೇಲೆ ಹೊಂದುವುದಿಲ್ಲ ಎಂದರೆ ಕುಗ್ಗಿಸುವ ವಿಧಾನ ಬೇರೆ. ಪಿಲ್ಲೋದ ಬೈಲೀನಿಯರ್ ದೊಡ್ಡ ಚಿತ್ರವನ್ನು ಕುಗ್ಗಿಸುವಾಗ ಸುತ್ತಲಿನ ಎಲ್ಲ ಪಿಕ್ಸೆಲ್‌ಗಳನ್ನೂ ಸರಾಸರಿಗೆ ತೆಗೆದುಕೊಳ್ಳುತ್ತದೆ. ಓಪನ್‌ಸಿವಿಯ ಅದೇ ಹೆಸರಿನ ವಿಧಾನ ನಾಲ್ಕು ಪಿಕ್ಸೆಲ್ ಮಾತ್ರ ನೋಡಿ ಉಳಿದವನ್ನು ಬಿಡುತ್ತದೆ. ಸಣ್ಣ ಚುಕ್ಕೆಗಳು ಕಾಣೆಯಾಗಬಹುದು, ಇಲ್ಲವೇ ಮೊನಚಾಗಿ ಉಳಿಯಬಹುದು. ಟಾರ್ಚ್‌ವಿಷನ್ ಟೆನ್ಸರ್‌ಗಳನ್ನು ಕುಗ್ಗಿಸುವ ಪೂರ್ವನಿಯೋಜಿತ ನಡವಳಿಕೆಯನ್ನೂ 0.17ನೇ ಆವೃತ್ತಿಯಲ್ಲಿ ಬದಲಿಸಿತು. ಯಾವುದು ಉತ್ತಮ ಎಂಬ ವಾದ ಇಲ್ಲಿ ಬೇಡ. ತರಬೇತಿಯಲ್ಲಿ ಯಾವುದಿತ್ತೋ ಸೇವೆಯಲ್ಲೂ ಅದೇ ಇರಬೇಕು.

ಟೆನ್ಸರ್‌ವರೆಗೆ ಎಲ್ಲ ಹೊಂದಿ ಕೊನೆಯ ಹತ್ತು ಸಂಖ್ಯೆಗಳು ಹೊಂದದಿದ್ದರೆ ಮಾತ್ರ ಮಾಡೆಲ್‌ನ ಸರದಿ. ಇನ್‌ಸ್ಟೆನ್ಸ್ ಬದಲಾದಾಗಲೆಲ್ಲ ಅದೇ ಚಿತ್ರಕ್ಕೆ ಬೇರೆ ಉತ್ತರ, ಎಲ್ಲ ವರ್ಗಕ್ಕೂ ಹೆಚ್ಚುಕಡಿಮೆ ಹತ್ತರ ಒಂದು ಪಾಲು ಸಂಭವನೀಯತೆ ಬರುತ್ತಿದ್ದರೆ ತೂಕಗಳು ಲೋಡ್ ಆಗಿಲ್ಲ. ಹಲವು ಜಿಪಿಯುಗಳಲ್ಲಿ ಡೇಟಾ ಪ್ಯಾರಲಲ್ ಬಳಸಿ ತರಬೇತಿ ಕೊಟ್ಟ ಫೈಲಿನಲ್ಲಿ ಪ್ರತಿ ಹೆಸರಿನ ಮುಂದೆ ‘ಮಾಡ್ಯೂಲ್’ ಎಂದು ಅಂಟಿಕೊಂಡಿರುತ್ತದೆ. ಹೆಸರು ಹೊಂದುತ್ತಿಲ್ಲ ಎಂಬ ದೋಷ ಬಂದಾಗ ಯಾರೋ ‘ಸ್ಟ್ರಿಕ್ಟ್’ ಆಯ್ಕೆಯನ್ನು ಆಫ್ ಮಾಡಿರುತ್ತಾರೆ. ದೋಷ ಸಂದೇಶ ಹೋಯಿತು, ಜೊತೆಗೆ ತೂಕಗಳೂ ಹೋದವು. ಆ ಆಯ್ಕೆಯನ್ನು ಸೇವೆಯ ಕೋಡ್‌ನಲ್ಲಿ ಎಂದೂ ಆಫ್ ಮಾಡಬೇಡಿ, ಹೆಸರಿನ ಮುಂದಿನ ಪದವನ್ನು ಕತ್ತರಿಸಿ. ಇನ್ನು, ಒಂದೇ ಚಿತ್ರದ ಉತ್ತರ ಅದರ ಜೊತೆ ಬ್ಯಾಚ್‌ನಲ್ಲಿ (ಒಟ್ಟಿಗೆ ಓಡುವ ಗುಂಪಿನಲ್ಲಿ) ಬೇರೆ ಯಾವ ಚಿತ್ರ ಬಂತು ಎಂಬುದರ ಮೇಲೆ ಬದಲಾಗುತ್ತಿದ್ದರೆ ಮಾಡೆಲ್ ಇನ್ನೂ ತರಬೇತಿಯ ಸ್ಥಿತಿಯಲ್ಲಿದೆ. ‘ಇವ್ಯಾಲ್’ ಕರೆದಿಲ್ಲ. ‘ನೋ ಗ್ರ್ಯಾಡ್’ ಹಾಕಿದ್ದೇವಲ್ಲ ಎನ್ನುವವರಿದ್ದಾರೆ. ಅದು ಗ್ರೇಡಿಯಂಟ್ ಲೆಕ್ಕ ನಿಲ್ಲಿಸುತ್ತದೆ, ತರಬೇತಿಯಲ್ಲಿ ಬ್ಯಾಚ್‌ನ ಸರಾಸರಿ ಬಳಸುವ ಬ್ಯಾಚ್ ನಾರ್ಮ್ ಪದರಗಳ ನಡವಳಿಕೆ ಬದಲಿಸುವುದಿಲ್ಲ.

ಕಚ್ಚಾ ಸಂಖ್ಯೆಗಳೂ ಹೊಂದುತ್ತವೆ, ಹೇಳುವ ರೋಗ ಮಾತ್ರ ಬೇರೆ. ಹಾಗಿದ್ದರೆ ವರ್ಗಗಳ ಪಟ್ಟಿ ನೋಡಿ. ತರಬೇತಿಯಲ್ಲಿ ಟಾರ್ಚ್‌ವಿಷನ್‌ನ ‘ಇಮೇಜ್ ಫೋಲ್ಡರ್’ ವರ್ಗಗಳ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುತ್ತದೆ. ಫೋಲ್ಡರ್‌ಗಳಿಗೆ 1ರಿಂದ 10ರವರೆಗೆ ಸಂಖ್ಯೆ ಕೊಟ್ಟಿದ್ದರೆ 1ರ ನಂತರ 10 ಬರುತ್ತದೆ, ಆಮೇಲೆ 2. ಸೇವೆಯಲ್ಲಿ ಕೈಯಾರೆ ಬರೆದ ಪಟ್ಟಿ ಬೇರೆ ಕ್ರಮದಲ್ಲಿರುತ್ತದೆ. ಪಟ್ಟಿಯನ್ನು ತೂಕಗಳ ಫೈಲಿನೊಳಗೇ ಇಟ್ಟರೆ ಈ ತೊಂದರೆ ಇಲ್ಲ. ವಿಶ್ವಾಸದ ಪ್ರಮಾಣ ಎಂದೂ 0.23ರ ಮೇಲೆ ಹೋಗುತ್ತಿಲ್ಲವೇ? ಸಾಫ್ಟ್‌ಮ್ಯಾಕ್ಸ್ ಎರಡು ಸಲ ನಡೆದಿದೆ. ಹತ್ತು ವರ್ಗಗಳಿದ್ದಾಗ, ಒಂದಕ್ಕೆ ಪೂರ್ತಿ 1 ಬಂದು ಉಳಿದವಕ್ಕೆ 0 ಬಂದರೂ, ಎರಡನೆಯ ಸಲದ ನಂತರ ಸಿಗುವ ಗರಿಷ್ಠ ಬೆಲೆ 2.718 ಭಾಗಿಸು 11.718, ಅಂದರೆ 0.232.

ಸಾಕ್ಷಿಯನ್ನು ಸೇವೆಯೊಳಗೇ ಇಡುವುದು

ದೋಷ ಸರಿಪಡಿಸಿದ ಮೇಲೆ ಸಾಕ್ಷಿ ಚಿತ್ರವನ್ನು ಕಂಟೈನರಿನೊಳಗೆ ಸೇರಿಸಿಬಿಡಿ. ಸೇವೆ ಎದ್ದ ಕೂಡಲೇ ಮೊದಲು ಅದನ್ನು ಓಡಿಸಲಿ. ಹತ್ತು ಸಂಖ್ಯೆಗಳು ಹೊಂದದಿದ್ದರೆ ಏಳದೆ ನಿಲ್ಲಲಿ. ತಪ್ಪು ಹೇಳುವ ಸೇವೆಗಿಂತ ನಿಂತ ಸೇವೆ ಲೇಸು ಎಂಬುದು ನನ್ನ ಖಚಿತ ನಿಲುವು. ಸಂಖ್ಯೆಗಳು ಪೂರ್ತಿ ಒಂದೇ ಇರಬೇಕೆಂದು ಹಟ ಹಿಡಿಯಬೇಡಿ. ಜಿಪಿಯು ಮತ್ತು ಸಿಪಿಯುಗಳ ಲೆಕ್ಕದಲ್ಲಿ ಕೊನೆಯ ದಶಮಾಂಶಗಳು ಬೇರೆಯಾಗುವುದು ಸಹಜ. ಅದೇ ಚಿತ್ರವನ್ನು ಜೆಪೆಗ್ ಮತ್ತು ಪಿಎನ್‌ಜಿ ಎರಡೂ ರೂಪದಲ್ಲಿಟ್ಟು, ಎರಡಕ್ಕೂ ನೋಟ್‌ಬುಕ್‌ನ ಸಂಖ್ಯೆಗಳನ್ನು ಬರೆದಿಡಿ. ಪಿಎನ್‌ಜಿ ಹೊಂದಿ ಜೆಪೆಗ್ ಹೊಂದದಿದ್ದರೆ ವ್ಯತ್ಯಾಸ ಜೆಪೆಗ್ ಬಿಚ್ಚುವ ಲೈಬ್ರರಿಯಲ್ಲಿದೆ. ಪ್ರತಿ ಕರೆಗೂ ಒಂದು ಸಾಲು ಲಾಗ್ ಬರೆಯಿರಿ: ತೂಕಗಳ ಫೈಲಿನ ಮೊತ್ತದ ಮೊದಲ ಎಂಟು ಅಕ್ಷರ, ಬಂದ ಚಿತ್ರದ ಅಗಲ ಎತ್ತರ, ಟೆನ್ಸರ್‌ನ ಕನಿಷ್ಠ ಗರಿಷ್ಠ, ಹೇಳಿದ ವರ್ಗ, ತೆಗೆದುಕೊಂಡ ಸಮಯ.

ಎಲ್ಲ ಹೊಂದುತ್ತದೆ, ಹೊಲದಲ್ಲಿ ಮಾತ್ರ ತಪ್ಪು

ಸಾಕ್ಷಿ ಚಿತ್ರದ ಪ್ರತಿ ಸಂಖ್ಯೆಯೂ ಹೊಂದಿದ ಮೇಲೆ ಸರ್ವರ್‌ನಲ್ಲಿ ಹುಡುಕುವುದನ್ನು ನಿಲ್ಲಿಸಿ. ಇದು ಏರಿಸುವಿಕೆಯ ದೋಷವಲ್ಲ. ಎಲೆರೋಗಕ್ಕೆ ಬಹಳ ಮಂದಿ ಬಳಸುವ ಪ್ಲಾಂಟ್‌ವಿಲೇಜ್ ದತ್ತಾಂಶದಲ್ಲಿ 38 ವರ್ಗಗಳ 54,306 ಚಿತ್ರಗಳಿವೆ. ಕಿತ್ತ ಎಲೆಯನ್ನು ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದವು. ಅದರ ಮೇಲೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಡೆಲ್ ಪರೀಕ್ಷೆಗೆಂದು ಎತ್ತಿಟ್ಟ ಚಿತ್ರಗಳಲ್ಲಿ ಶೇ. 99.35 ಸರಿ ಹೇಳಿತು. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಶೇ. 31.4ಕ್ಕೆ ಕುಸಿಯಿತು. ಹೊಲದ ಚಿತ್ರದಲ್ಲಿ ಹತ್ತು ಎಲೆ, ಮಣ್ಣು, ಬೆರಳು, ಮಧ್ಯಾಹ್ನದ ಬಿಸಿಲು ಎಲ್ಲವೂ ಇರುತ್ತವೆ. ಮಾಡೆಲ್ ಯಾವ ಚಿತ್ರಕ್ಕಾದರೂ ಹತ್ತರಲ್ಲಿ ಒಂದು ಹೆಸರು ಹೇಳಲೇಬೇಕಾದ ಕಟ್ಟುಪಾಡಿನಲ್ಲಿದೆ, ಎದುರಿಗಿರುವುದು ಬದನೆ ಎಲೆಯಾದರೂ ಸರಿ.

ಇಲ್ಲಿಂದ ಮುಂದಿನದು ಹೊಲದ ಕೆಲಸ. ಚಿತ್ರ ತೆಗೆಯುವವರಿಗೆ ಒಂದೇ ಎಲೆ, ನೆರಳಿನಲ್ಲಿ, ಚೌಕಟ್ಟು ತುಂಬುವಂತೆ ಎಂದು ಪರದೆಯ ಮೇಲೆಯೇ ತೋರಿಸಿ. ‘ತಿಳಿಯಲಿಲ್ಲ’ ಎಂಬ ಉತ್ತರಕ್ಕೆ ಜಾಗ ಮಾಡಿ, ಅದಕ್ಕೆ ಮಿತಿಯನ್ನು ನಿಜವಾದ ಹೊಲದ ಚಿತ್ರಗಳ ಮೇಲೆ ನಿಗದಿಪಡಿಸಿ. ಕಳಿಸಿದವರ ಒಪ್ಪಿಗೆ ಪಡೆದು ಚಿತ್ರಗಳನ್ನು ಉಳಿಸಿ, ಸಸ್ಯರೋಗ ಬಲ್ಲವರಿಂದ ಹೆಸರು ಬರೆಸಿ. ಮರುತರಬೇತಿಯ ಮಾತು ಆಡಬೇಕಾದದ್ದು ಆ ಚಿತ್ರಗಳು ಕೈಗೆ ಬಂದ ಮೇಲೆ.